ಒಂಬತ್ತನೇ ಚಿಪ್ ಎಲ್ಲಿ ಹೋಯಿತು?

ಕಳೆದ ಬೇಸಿಗೆಯಲ್ಲಿ ನನ್ನ ಲ್ಯಾಪ್‌ಟಾಪ್‌ಗೆ ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸಿದೆ. ಮಷಿನ್ನೂ ಸೆಕೆಂಡ್ ಹ್ಯಾಂಡ್, ಹಾಕಿಸಿದ ರ‍್ಯಾಮೂ ಸೆಕೆಂಡ್ ಹ್ಯಾಂಡ್. ಮೊದಲಿದ್ದ 4 ಜಿಬಿಯಲ್ಲಿ ಬ್ರೌಸರ್, ನುಡಿ, ಫೋಟೋ ಮೂರನ್ನೂ ಒಟ್ಟಿಗೆ ತೆರೆದರೆ ಕುಂಟುತ್ತಿತ್ತು. ಹೊಸದು ಬಿದ್ದ ಮೇಲೆ ಎರಡು ದಿನ ಚೆನ್ನಾಗಿ ಓಡಿತು. ಮೂರನೇ ದಿನ ಸಂಜೆ, ಸುದ್ದಿ ಕಳಿಸುವ ಹೊತ್ತಿಗೆ ಸರಿಯಾಗಿ ನೀಲಿ ಪರದೆ ಬಂದು ರೀಸ್ಟಾರ್ಟ್ ಆಯಿತು.

ಆಮೇಲೆ ದಿನಾ ಅದೇ ಕಥೆ. ಒಂದು ದಿನ ನೀಲಿ ಪರದೆಯ ಮೇಲೆ ‘ಮೆಮೊರಿ ಮ್ಯಾನೇಜ್‌ಮೆಂಟ್’ ಅಂತ ಇರುತ್ತಿತ್ತು, ಇನ್ನೊಂದು ದಿನ ‘ಪೇಜ್ ಫಾಲ್ಟ್’ ಅಂತ, ಮತ್ತೊಂದು ದಿನ ಯಾವುದೋ ಡ್ರೈವರ್ ಹೆಸರು. ಬೆಳಿಗ್ಗೆ ತಣ್ಣಗಿರುವಾಗ ಮೂರು ಗಂಟೆ ತಕರಾರಿಲ್ಲದೆ ಕೆಲಸ ಮಾಡುವುದು, ಮಧ್ಯಾಹ್ನ ಹತ್ತೇ ನಿಮಿಷಕ್ಕೆ ಹ್ಯಾಂಗ್ ಆಗುವುದು. ಅಂಗಡಿಗೆ ಮೂರು ಸಲ ಹೋದೆ. ಮೊದಲ ಸಲ ವೈರಸ್ ಅಂದರು. ಎರಡನೇ ಸಲ ವಿಂಡೋಸ್ ಹೋಗಿದೆ ಅಂತ ಹೊಸದಾಗಿ ಹಾಕಿ ದುಡ್ಡು ತಗೊಂಡರು. ಮೂರನೇ ಸಲ ಫ್ಯಾನ್ ಕ್ಲೀನ್ ಮಾಡಿದರು. ಮೂರು ಸಲವೂ ಯಾರ ಬಾಯಲ್ಲೂ ರ‍್ಯಾಮ್ ಅನ್ನುವ ಮಾತು ಬರಲಿಲ್ಲ. ನನ್ನ ತಲೆಗೂ ಹೊಳೆಯಲಿಲ್ಲ ಅನ್ನಿ.

ದುಡ್ಡು ಹೋದದ್ದು ದೊಡ್ಡದಲ್ಲ. ಆ ಮೂರು ವಾರದಲ್ಲಿ ನಮ್ಮ ಕಡೆಯ ಒಬ್ಬ ನೀರುಗಂಟಿ ತಾತನ ಜೊತೆ ಎರಡು ಗಂಟೆ ಮಾತಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. ಕೆರೆ ತೂಬು ಯಾವಾಗ ಎತ್ತುತ್ತಿದ್ದರು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಬರದ ವರ್ಷ ಪಾಲು ಹೇಗೆ ಅಂತೆಲ್ಲ ಹೇಳಿದ್ದರು. ಫೋನಿನಲ್ಲಿ ಜಾಗ ಇಲ್ಲ ಅಂತ ಅದನ್ನು ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿ, ಫೋನಿನಿಂದ ಅಳಿಸಿದೆ. ಈಗ ಆ ಫೈಲ್ ನಲವತ್ತು ನಿಮಿಷ ಓಡುತ್ತದೆ. ಆಮೇಲೆ ಕರಕರ ಸದ್ದು, ಆಮೇಲೆ ಏನೂ ಇಲ್ಲ. ಕಾಪಿ ಮಾಡುವಾಗ ಮಷಿನ್ ಒಂದು ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ಕೆಲಸ ಮುಗಿಯಿತು ಅಂತಲೇ ತೋರಿಸಿತ್ತು.

ತಾನು ನೆನಪಿನಲ್ಲಿ ಇಟ್ಟುಕೊಂಡದ್ದು ಕೆಟ್ಟಿದೆ ಅಂತ ಕಂಪ್ಯೂಟರಿಗೇ ಯಾಕೆ ಗೊತ್ತಾಗುವುದಿಲ್ಲ? ಇದನ್ನು ಹುಡುಕುತ್ತಾ ಹೋದಾಗ ಸಿಕ್ಕಿದ ಉತ್ತರ ನಾನು ಅಂದುಕೊಂಡಿದ್ದಕ್ಕಿಂತ ಬೇರೆ ಇತ್ತು. ಒಂದು ಕಾಲದಲ್ಲಿ ಅದಕ್ಕೆ ಗೊತ್ತಾಗುತ್ತಿತ್ತು. ಆಮೇಲೆ ಗೊತ್ತಾಗದ ಹಾಗೆ ಮಾಡಿದರು. ಆ ಕಥೆ ಇದು.

ಕಥೆ ಶುರುವಾಗುವುದು 1947ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ರಿಚರ್ಡ್ ಹ್ಯಾಮಿಂಗ್ ಅನ್ನುವ ಗಣಿತಜ್ಞರಿಗೆ ಅಲ್ಲಿನ ರಿಲೇ ಕಂಪ್ಯೂಟರ್ ಸಿಗುತ್ತಿದ್ದದ್ದು ಶನಿವಾರ ಭಾನುವಾರ ಮಾತ್ರ. ರಿಲೇ ಅಂದರೆ ನಮ್ಮ ಪಂಪ್‌ಸೆಟ್ ಸ್ಟಾರ್ಟರ್ ಒಳಗೆ ಟಕ್ ಅಂತ ಬೀಳುತ್ತದಲ್ಲ, ಆ ಜಾತಿಯದೇ ಸ್ವಿಚ್ಚು. ಅಂಥವು ಸಾವಿರಾರು ಸೇರಿ ಒಂದು ಕಂಪ್ಯೂಟರ್. ಆ ಮಷಿನ್‌ಗೆ ತನ್ನ ತಪ್ಪು ಹಿಡಿಯುವುದು ಗೊತ್ತಿತ್ತು. ವಾರದ ದಿನಗಳಲ್ಲಿ ತಪ್ಪು ಬಂದರೆ ನಿಂತು ಆಪರೇಟರ್‌ನ ಕರೆಯುತ್ತಿತ್ತು. ರಜಾ ದಿನ ಯಾರೂ ಇರುತ್ತಿರಲಿಲ್ಲವಾದ್ದರಿಂದ ಆ ಕೆಲಸ ಅಲ್ಲೇ ಬಿಟ್ಟು ಮುಂದಿನವರ ಕೆಲಸಕ್ಕೆ ಹೋಗುತ್ತಿತ್ತು. ಹ್ಯಾಮಿಂಗ್ ಸೋಮವಾರ ಬಂದು ನೋಡಿದರೆ ಲೆಕ್ಕ ಅರ್ಧಕ್ಕೇ ನಿಂತಿದೆ. ಮುಂದಿನ ವಾರವೂ ಹಾಗೇ. ಅವರಿಗೆ ರೇಗಿತು. ತಪ್ಪಾಗಿದೆ ಅಂತ ಈ ಮಷಿನ್‌ಗೆ ತಿಳಿಯುತ್ತದೆ ಅಂದ ಮೇಲೆ ಎಲ್ಲಿ ತಪ್ಪಾಗಿದೆ ಅಂತ ಕಂಡುಹಿಡಿದು ತಾನೇ ತಿದ್ದಿಕೊಳ್ಳೋದಕ್ಕೆ ಏನಾಗಿದೆ ಅಂತ ಯೋಚಿಸತೊಡಗಿದರು.

ತಪ್ಪು ಹಿಡಿಯುವುದು ಹೇಗೆ ಅನ್ನುವುದಕ್ಕೆ ಅಳಗುಳಿ ಮಣೆ ನೆನಪು ಮಾಡಿಕೊಳ್ಳಿ. ಎಂಟು ಗುಳಿ ಇವೆ. ಒಂದೊಂದರಲ್ಲಿ ಒಂದು ಹುಣಸೆ ಬೀಜ ಇದೆ, ಇಲ್ಲವೇ ಖಾಲಿ ಇದೆ. ಕಂಪ್ಯೂಟರ್ ಭಾಷೆಯಲ್ಲಿ ಒಂದೊಂದು ಗುಳಿ ಒಂದು ಬಿಟ್, ಎಂಟು ಸೇರಿದರೆ ಒಂದು ಬೈಟ್. ಈಗ ಪಕ್ಕದಲ್ಲಿ ಒಂಬತ್ತನೇ ಗುಳಿ ತೋಡಿ. ಒಟ್ಟು ಬೀಜ ಯಾವಾಗಲೂ ಬೆಸವಾಗಿರುವ ಹಾಗೆ ಅದರಲ್ಲಿ ಒಂದು ಬೀಜ ಇಡಿ ಅಥವಾ ಖಾಲಿ ಬಿಡಿ. ನೀವು ಎದ್ದು ಹೋದಾಗ ಮಗು ಬಂದು ಒಂದು ಬೀಜ ಎತ್ತಿಕೊಂಡರೆ ಎಣಿಕೆ ಸರಿಸಂಖ್ಯೆಗೆ ಬರುತ್ತದೆ, ಏನೋ ಆಗಿದೆ ಅಂತ ತಕ್ಷಣ ತಿಳಿಯುತ್ತದೆ. ಯಾವ ಗುಳಿಯಿಂದ ಹೋಯಿತು ಅಂತ ತಿಳಿಯುವುದಿಲ್ಲ. ಎರಡು ಬೀಜ ಎತ್ತಿಕೊಂಡರೂ ತಿಳಿಯುವುದಿಲ್ಲ. ಆದರೂ ಏನೂ ಇಲ್ಲದಿರುವುದಕ್ಕಿಂತ ವಾಸಿ. ಇದಕ್ಕೆ ಪ್ಯಾರಿಟಿ ಅನ್ನುತ್ತಾರೆ.

ಹ್ಯಾಮಿಂಗ್ ಮಾಡಿದ್ದು ಮುಂದಿನ ಹೆಜ್ಜೆ. ಕಾವಲು ಗುಳಿಗಳನ್ನು ಹೆಚ್ಚು ಮಾಡಿ, ಒಂದೊಂದು ಕಾವಲು ಗುಳಿಗೆ ಬೇರೆ ಬೇರೆ ಗುಂಪು ನೋಡಿಕೊಳ್ಳುವ ಕೆಲಸ ಕೊಟ್ಟರು. ಯಾವ ಯಾವ ಕಾವಲುಗಾರ ಕೂಗಿದ ಅಂತ ನೋಡಿದರೆ ಕಳುವಾದ ಗುಳಿ ಯಾವುದು ಅಂತ ಲೆಕ್ಕ ಸಿಗುತ್ತದೆ. ನಾಲ್ಕು ಬಿಟ್‌ಗೆ ಮೂರು ಕಾವಲು ಬಿಟ್ ಇದ್ದರೆ ಒಂದು ತಪ್ಪನ್ನು ತಿದ್ದಬಹುದು. 1950ರಲ್ಲಿ ಇದನ್ನು ಪ್ರಕಟಿಸಿದರು. ಇವತ್ತು ಬ್ಯಾಂಕು, ರೈಲ್ವೆಯಂಥ ಕಡೆ ಇರುವ ದೊಡ್ಡ ಸರ್ವರ್‌ಗಳ ರ‍್ಯಾಮ್‌ನಲ್ಲಿ ಈ ಲೆಕ್ಕದ ಮಕ್ಕಳು ಮೊಮ್ಮಕ್ಕಳೇ ಕೆಲಸ ಮಾಡುತ್ತಿರುವುದು. ಅಲ್ಲಿ 64 ಬಿಟ್‌ಗೆ 8 ಕಾವಲು ಬಿಟ್.

ಈಗಿನ ರ‍್ಯಾಮ್ ಹುಟ್ಟಿದ್ದು ಐಬಿಎಂನಲ್ಲಿ. ರಾಬರ್ಟ್ ಡೆನಾರ್ಡ್ ಅನ್ನುವವರು 1966ರಲ್ಲಿ ಯೋಚಿಸಿ, 1968ರಲ್ಲಿ ಪೇಟೆಂಟ್ ಪಡೆದರು. ಒಂದು ಬಿಟ್‌ಗೆ ಒಂದೇ ಟ್ರಾನ್ಸಿಸ್ಟರ್, ಒಂದೇ ಪುಟ್ಟ ಕೆಪಾಸಿಟರ್. ಕೆಪಾಸಿಟರ್‌ನಲ್ಲಿ ವಿದ್ಯುತ್ ತುಂಬಿದ್ದರೆ 1, ಖಾಲಿ ಇದ್ದರೆ 0. ಇದರಷ್ಟು ಅಗ್ಗ ಬೇರೆ ಯಾವುದೂ ಇರಲಿಲ್ಲ. ಒಂದೇ ಐಬು, ಆ ಮಡಕೆ ಸೋರುತ್ತದೆ. ಸೋರಿ ಹೋಗುವುದರೊಳಗೆ ಓದಿ ಮತ್ತೆ ತುಂಬಬೇಕು. ನನ್ನ ಲ್ಯಾಪ್‌ಟಾಪಿನಲ್ಲಿರುವ ಡಿಡಿಆರ್3 ರ‍್ಯಾಮ್‌ನಲ್ಲಿ ಪ್ರತಿ ಮಡಕೆಯನ್ನೂ 64 ಮಿಲಿಸೆಕೆಂಡ್ ಒಳಗೆ ಒಮ್ಮೆ ತುಂಬುತ್ತಾರೆ, ಅಂದರೆ ಸೆಕೆಂಡಿಗೆ ಹದಿನೈದು ಸಲಕ್ಕಿಂತ ಹೆಚ್ಚು. ಬಿಸಿ ಹೆಚ್ಚಾದಷ್ಟೂ ಸೋರುವುದು ಹೆಚ್ಚು. ಬೆಳಿಗ್ಗೆ ಸುಮ್ಮನಿದ್ದ ಲ್ಯಾಪ್‌ಟಾಪ್ ಮಧ್ಯಾಹ್ನ ಯಾಕೆ ಕೈಕೊಡುತ್ತಿತ್ತು ಅನ್ನುವುದರ ಒಂದು ಸುಳಿವು ನನಗೆ ಸಿಕ್ಕಿದ್ದು ಇಲ್ಲಿ.

ಇಂಟೆಲ್ ಕಂಪನಿ 1970ರಲ್ಲಿ 1103 ಅನ್ನುವ ಚಿಪ್ ಮಾರುಕಟ್ಟೆಗೆ ತಂದಿತು. ಅದರಲ್ಲಿ 1,024 ಬಿಟ್. ಮುಂದೆ ವರ್ಷ ವರ್ಷಕ್ಕೂ ಮಡಕೆ ಚಿಕ್ಕದಾಗುತ್ತಾ, ಒಂದೇ ಚಿಪ್‌ನಲ್ಲಿ 16,000ಕ್ಕೂ ಹೆಚ್ಚು ಬಿಟ್ ಕೂರುವ ಹೊತ್ತಿಗೆ ಒಂದು ವಿಚಿತ್ರ ಶುರುವಾಯಿತು. ಚಿಪ್ ಚೆನ್ನಾಗಿದೆ, ಪರೀಕ್ಷೆ ಮಾಡಿದರೆ ಪಾಸ್. ಆದರೆ ಆಗಾಗ ಯಾವುದೋ ಒಂದು ಬಿಟ್ ತಾನೇ ತಿರುಗಿ ಬೀಳುತ್ತದೆ. ಮತ್ತೆ ಬರೆದರೆ ಮತ್ತೆ ಸರಿ. ಇಂಟೆಲ್‌ನ ಟಿಮೊಥಿ ಮೇ ಮತ್ತು ಮರ‍್ರೆ ವುಡ್ಸ್ ಕಾರಣ ಹಿಡಿದು 1978ರಲ್ಲಿ ಹೇಳಿದಾಗ ಎಲ್ಲರೂ ಬೆರಗಾದರು. ಕಾರಣ ಇದ್ದದ್ದು ಚಿಪ್‌ಗೆ ಹೊದಿಸಿದ್ದ ಪಿಂಗಾಣಿಯಲ್ಲಿ. ಅದರೊಳಗೆ ಯುರೇನಿಯಂ, ಥೋರಿಯಂ ಕಣಗಳು ತೀರಾ ಸ್ವಲ್ಪ ಬೆರೆತಿದ್ದವು. ಅವು ಸಿಡಿಸುವ ಆಲ್ಫಾ ಕಣ ಮಡಕೆಗೆ ಬಡಿದರೆ 1 ಇದ್ದದ್ದು 0 ಆಗಲು ಅಷ್ಟೇ ಸಾಕು. ಬಳಸುವ ಮಣ್ಣು, ನೀರು ಎರಡರ ಮೇಲೂ ಕಣ್ಣಿಡಬೇಕು ಅಂತ ಚಿಪ್ ಕಂಪನಿಗಳು ಕಲಿತದ್ದು ಆಗಲೇ.

ಮರುವರ್ಷವೇ, 1979ರಲ್ಲಿ, ಐಬಿಎಂನ ಜೇಮ್ಸ್ ಝೀಗ್ಲರ್ ಮತ್ತು ಯೇಲ್ ವಿಶ್ವವಿದ್ಯಾಲಯದ ವಿಲಿಯಂ ಲ್ಯಾನ್‌ಫೋರ್ಡ್ ಇನ್ನೊಂದು ಮಾತು ಹೇಳಿದರು. ಮಣ್ಣು ಶುದ್ಧ ಮಾಡಿದರೂ ಸಾಲದು, ಆಕಾಶದಿಂದಲೂ ಕಣಗಳು ಬೀಳುತ್ತಿವೆ. ಕಾಸ್ಮಿಕ್ ಕಿರಣ ಗಾಳಿಗೆ ಬಡಿದು ಹುಟ್ಟುವ ನ್ಯೂಟ್ರಾನ್‌ಗಳು ಚಿಪ್ ಒಳಗೆ ನುಗ್ಗಿ ಬಿಟ್ ತಿರುಗಿಸುತ್ತವೆ. ಇದನ್ನು ಪರೀಕ್ಷೆ ಮಾಡಲು ಐಬಿಎಂನವರು ಮೆಮೊರಿ ಚಿಪ್‌ಗಳನ್ನು ಕೊಲೊರಾಡೊದ ಲೆಡ್‌ವಿಲ್ ಅನ್ನುವ ಊರಿಗೆ ಹೊತ್ತೊಯ್ದರು. ಅದು ಸಮುದ್ರ ಮಟ್ಟದಿಂದ 3,000 ಮೀಟರ್‌ಗೂ ಎತ್ತರ. ಅಲ್ಲಿ ತಪ್ಪು ಹೆಚ್ಚಾಯಿತು. ನೆಲದೊಳಗೆ ಇಟ್ಟು ನೋಡಿದಾಗ ಕಡಿಮೆಯಾಯಿತು.

ನೆಲದೊಳಗೆ ಹೋದರೆ ಆ ಮಳೆ ನಿಲ್ಲುತ್ತದೆ ಅನ್ನುವುದು ನಮ್ಮ ಕೋಲಾರ ಜಿಲ್ಲೆಗೆ ಹಳೇ ವಿಷಯ. ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ ಹೊಸದರಲ್ಲಿ ಉಪಕರಣ ಹೊತ್ತುಕೊಂಡು ಕೆಜಿಎಫ್ ಗಣಿಗೆ ಇಳಿದು, ಆಳಕ್ಕೆ ಹೋದಂತೆ ಕಾಸ್ಮಿಕ್ ಕಿರಣ ಎಷ್ಟು ಕಡಿಮೆಯಾಗುತ್ತದೆ ಅಂತ ಅಳೆದರು. 1965ರಲ್ಲಿ ಅದೇ ಗಣಿಯಲ್ಲಿ, ಎರಡು ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ, ಭಾರತ, ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣದ ಗುರುತು ಹಿಡಿದರು. ಬೇರೆ ಕಣಗಳ ಗಲಾಟೆ ಇಲ್ಲದ ಜಾಗ ಅವರಿಗೆ ಬೇಕಿತ್ತು, ಅದು ಸಿಕ್ಕಿದ್ದು ಅಲ್ಲಿ. ನಮ್ಮಲ್ಲಿ ಕೆಜಿಎಫ್ ಅಂದರೆ ಚಿನ್ನ, ಇಲ್ಲವೇ ಸಿನಿಮಾ. ಇದನ್ನು ಹೇಳುವವರು ಕಡಿಮೆ ಅಂತ ಇಲ್ಲಿ ಹೇಳಿದೆ.

ಮತ್ತೆ ರ‍್ಯಾಮ್‌ಗೆ ಬರೋಣ. ಇಷ್ಟೆಲ್ಲ ತಿಳಿದಿದ್ದ ಕಾಲದಲ್ಲೇ ಮನೆಗೆ ಕಂಪ್ಯೂಟರ್ ಬಂದದ್ದು. 1980ರಲ್ಲಿ ಆಪಲ್ ಕಂಪನಿ ಆಪಲ್ 3 ಅನ್ನುವ ಮಷಿನ್ ತಂದಿತು. ಫ್ಯಾನ್ ಇರಲಿಲ್ಲ. ಬಿಸಿಯಾಗಿ ಆರಿ, ಬಿಸಿಯಾಗಿ ಆರಿ, ಚಿಪ್‌ಗಳು ತಮ್ಮ ಸಾಕೆಟ್‌ನಿಂದ ಮೇಲೆದ್ದು ಬರುತ್ತಿದ್ದವು. ಮುಂಭಾಗವನ್ನು ಕೆಲವು ಅಂಗುಲ ಮೇಲೆತ್ತಿ ಮೇಜಿನ ಮೇಲೆ ಬಿಡಿ, ಚಿಪ್ ಕೂರುತ್ತದೆ ಅಂತ ಕಂಪನಿಯೇ ಸಲಹೆ ಕೊಟ್ಟಿತ್ತು. ಹಳೇ ಟಿವಿಗೆ ನಾವು ಎರಡು ಬಾರಿಸುತ್ತಿದ್ದೆವಲ್ಲ, ಅದೇ ವಿದ್ಯೆ. ಇವತ್ತಿಗೂ ರ‍್ಯಾಮ್ ಹಾಕಿದ ಮೇಲೆ ಲ್ಯಾಪ್‌ಟಾಪ್ ತೊಂದರೆ ಕೊಟ್ಟರೆ ಮೊದಲು ನೋಡಬೇಕಾದದ್ದು ಅದು ಸರಿಯಾಗಿ ಕೂತಿದೆಯಾ ಅಂತ. ಲ್ಯಾಪ್‌ಟಾಪ್‌ನ ಎತ್ತಿ ಬಿಡಬೇಡಿ. ತೆಗೆದು, ಚಿನ್ನದ ಬಣ್ಣದ ಅಂಚನ್ನು ಮೆತ್ತನೆ ರಬ್ಬರ್‌ನಿಂದ ಒರೆಸಿ, ಪುಡಿ ಊದಿ, ಓರೆಯಾಗಿ ಪೂರ್ತಿ ತಳ್ಳಿ, ಎರಡೂ ಕಡೆಯ ಕ್ಲಿಪ್ ಟಕ್ ಅನ್ನುವವರೆಗೆ ಒತ್ತಬೇಕು. ಅದಕ್ಕೂ ಮೊದಲು ಚಾರ್ಜರ್, ಬ್ಯಾಟರಿ ಎರಡನ್ನೂ ಬಿಡಿಸಿರಬೇಕು.

1981ರ ಆಗಸ್ಟ್‌ನಲ್ಲಿ ಐಬಿಎಂ ಪಿಸಿ ಬಂತು. ಇವತ್ತಿನ ವಿಂಡೋಸ್ ಲ್ಯಾಪ್‌ಟಾಪ್‌ಗಳ ಮೂಲಪುರುಷ ಅದೇ. ಅದರ ಬೋರ್ಡಿನಲ್ಲಿ ಮೆಮೊರಿ ಚಿಪ್‌ಗಳು ಸಾಲಾಗಿ ಕೂತಿರುತ್ತಿದ್ದವು. ಒಂದು ಸಾಲಿಗೆ ಎಂಟಲ್ಲ, ಒಂಬತ್ತು. ಒಂಬತ್ತನೆಯದು ಅಳಗುಳಿ ಮಣೆಯ ಆ ಕಾವಲು ಗುಳಿ. ಓದುವಾಗ ಎಣಿಕೆ ತಪ್ಪಿದರೆ ಪರದೆಯ ಮೇಲೆ ‘ಪ್ಯಾರಿಟಿ ಚೆಕ್’ ಅಂತ ಬರೆದು ಮಷಿನ್ ಅಲ್ಲೇ ನಿಲ್ಲುತ್ತಿತ್ತು. ಹೆಸರಿನ ಮುಂದೆ 1 ಅಂತ ಬಂದರೆ ತಪ್ಪು ಮೂಲ ಬೋರ್ಡಿನ ಮೆಮೊರಿಯಲ್ಲಿ, 2 ಅಂತ ಬಂದರೆ ಆಮೇಲೆ ಸೇರಿಸಿದ ಕಾರ್ಡಿನಲ್ಲಿ. ಆನ್ ಮಾಡಿದಾಗಲೇ ಮೆಮೊರಿ ಕೆಟ್ಟಿದ್ದು ಕಂಡರೆ 201 ಅನ್ನುವ ಸಂಖ್ಯೆ ಬರುತ್ತಿತ್ತು. ಜೊತೆಗೆ ಬರುವ ಸಂಕೇತ ಓದಲು ಬಂದರೆ ಯಾವ ಸಾಲಿನ ಯಾವ ಚಿಪ್ ಅಂತಲೂ ರಿಪೇರಿಯವನಿಗೆ ತಿಳಿಯುತ್ತಿತ್ತು.

ನನ್ನ ಮಷಿನ್ ಮೂರು ವಾರ ವೈರಸ್ಸು, ವಿಂಡೋಸು, ಫ್ಯಾನು ಅಂತ ಅಲೆಸಿತಲ್ಲ, ಆ ಮಷಿನ್ ಆಗಿದ್ದರೆ ಮೊದಲ ದಿನವೇ ‘ಪ್ಯಾರಿಟಿ ಚೆಕ್’ ಅಂತ ಹೇಳಿ ಮುಗಿಸುತ್ತಿತ್ತು. ಬೆಪ್ಪಾದೆ, ಸ್ವಲ್ಪ ಸಿಟ್ಟೂ ಬಂತು.

ಹಾಗಾದರೆ ಒಂಬತ್ತನೇ ಚಿಪ್ ಎಲ್ಲಿ ಹೋಯಿತು?

ಒಂದೇ ದಿನ ಹೋಗಲಿಲ್ಲ. ಮೊದಲಿಂದಲೂ ಅದರ ಮೇಲೆ ದೂರು ಇತ್ತು. ಚಿಪ್ ತಪ್ಪು ಕಂಡ ತಕ್ಷಣ ಮಷಿನ್ ನಿಲ್ಲುತ್ತದೆ, ಉಳಿಸದೇ ಇದ್ದ ಕೆಲಸವೆಲ್ಲ ಹೋಗುತ್ತದೆ ಅಂತ ಜನ ಬೈಯುತ್ತಿದ್ದರು. ಆ ಬೈಗುಳದಲ್ಲೂ ನ್ಯಾಯ ಇತ್ತು. 1984ರ ಆಪಲ್ ಮ್ಯಾಕಿಂಟೋಷ್ ಒಂಬತ್ತನೇ ಚಿಪ್ ಇಲ್ಲದೆಯೇ ಬಂತು, ಚೆನ್ನಾಗಿಯೇ ನಡೆಯಿತು. ಆ ಹೊತ್ತಿಗೆ ವ್ಯಾಂಗ್ ಲ್ಯಾಬೊರೇಟರೀಸ್ ಅನ್ನುವ ಕಂಪನಿ ಚಿಪ್‌ಗಳನ್ನು ಒಂದು ಪುಟ್ಟ ಬೋರ್ಡಿನ ಮೇಲೆ ಕೂರಿಸಿ, ಆ ಬೋರ್ಡನ್ನೇ ಸ್ಲಾಟ್‌ಗೆ ಹಾಕುವ ವಿಧಾನ ತಂದಿತ್ತು. ಸಿಮ್ ಮಾಡ್ಯೂಲ್ ಅಂತ ಅದರ ಹೆಸರು, ಮೊಬೈಲ್ ಸಿಮ್‌ಗೂ ಅದಕ್ಕೂ ಸಂಬಂಧವಿಲ್ಲ. ಇವತ್ತು ನಾವು ‘ರ‍್ಯಾಮ್ ಹಾಕಿಸಿದೆ’ ಅನ್ನುವುದು ಸಾಧ್ಯವಾದದ್ದು ಅಲ್ಲಿಂದ. ಇವು ಎರಡು ಬಗೆ ಸಿಗುತ್ತಿದ್ದವು, ಕಾವಲು ಇರುವುದು ಮತ್ತು ಇಲ್ಲದ್ದು.

1993ರ ಜುಲೈನಲ್ಲಿ ಜಪಾನಿನ ನಿಹಾಮಾ ಎಂಬಲ್ಲಿ ಸುಮಿತೊಮೊ ಕೆಮಿಕಲ್ ಕಂಪನಿಯ ಕಾರ್ಖಾನೆ ಸ್ಫೋಟಗೊಂಡಿತು. ಚಿಪ್‌ಗೆ ಹೊದಿಸುವ ಕಪ್ಪು ಪ್ಲಾಸ್ಟಿಕ್‌ಗೆ ಬೇಕಾದ ರಾಳ ಜಗತ್ತಿಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಅಲ್ಲಿಂದ. ರ‍್ಯಾಮ್ ಬೆಲೆ ದಿಢೀರನೆ ಏರಿತು. ಎಂಟು ಚಿಪ್‌ಗೇ ದುಡ್ಡಿಲ್ಲದ ಕಾಲದಲ್ಲಿ ಒಂಬತ್ತನೆಯದಕ್ಕೆ ಯಾರು ಕೊಡುತ್ತಾರೆ?

ಇಲ್ಲಿ ಒಂದು ಮೋಸ ಹುಟ್ಟಿಕೊಂಡಿತು. ನನಗೆ ಈ ಇಡೀ ಇತಿಹಾಸದಲ್ಲಿ ಮರೆಯಲಾಗದ್ದು ಇದು. ಹಲವು ಮಷಿನ್‌ಗಳು ಒಂಬತ್ತನೇ ಚಿಪ್ ಇಲ್ಲದಿದ್ದರೆ ಶುರುವಾಗುತ್ತಲೇ ಇರಲಿಲ್ಲ. ಅದಕ್ಕೆ ಕೆಲವರು ಒಂಬತ್ತನೇ ಜಾಗದಲ್ಲಿ ಒಂದು ಅಗ್ಗದ ಚಿಪ್ ಕೂರಿಸಿದರು. ಅದು ಏನನ್ನೂ ನೆನಪಿಡುತ್ತಿರಲಿಲ್ಲ. ಮಷಿನ್ ಓದಲು ಬಂದಾಗ ಆ ಕ್ಷಣಕ್ಕೆ ಎಂಟು ಬಿಟ್‌ಗಳಲ್ಲಿ ಏನಿದೆಯೋ ಅದನ್ನೇ ಎಣಿಸಿ, ಲೆಕ್ಕ ಹೊಂದುವ ಉತ್ತರ ಕೊಡುತ್ತಿತ್ತು. ಬೀಜ ಕಳುವಾಗಿದ್ದರೂ ‘ಎಣಿಕೆ ಸರಿ ಇದೆ ಸ್ವಾಮಿ’ ಅನ್ನುವ ಕಾವಲುಗಾರ. ವ್ಯಾಪಾರದಲ್ಲಿ ಇದಕ್ಕೆ ಲಾಜಿಕ್ ಪ್ಯಾರಿಟಿ ಅಂತ ಗೌರವದ ಹೆಸರು ಇತ್ತು. ಜನ ಕರೆದದ್ದು ಫೇಕ್ ಪ್ಯಾರಿಟಿ ಅಂತ.

1995ರಲ್ಲಿ ಇಂಟೆಲ್ ‘ಟ್ರೈಟನ್’ ಅಂತ ಹೆಸರಾದ 430ಎಫ್‌ಎಕ್ಸ್ ಚಿಪ್‌ಸೆಟ್ ತಂದಿತು. ಪೆಂಟಿಯಂ ಕಂಪ್ಯೂಟರ್‌ಗಳಲ್ಲಿ ಅದು ತುಂಬಾ ಓಡಿತು. ಅದಕ್ಕೆ ಪ್ಯಾರಿಟಿ ನೋಡುವ ಶಕ್ತಿಯೇ ಇರಲಿಲ್ಲ. ನೀವು ಒಂಬತ್ತು ಚಿಪ್‌ನ ರ‍್ಯಾಮ್ ಹಾಕಿದರೂ ಅದು ಒಂಬತ್ತನೆಯದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅದರ ನಂತರ ಮನೆ ಕಂಪ್ಯೂಟರ್, ಲ್ಯಾಪ್‌ಟಾಪ್‌ಗಳಲ್ಲಿ ಕಾವಲು ಇಲ್ಲದ್ದೇ ವಾಡಿಕೆಯಾಯಿತು. ಕಾವಲು ಇರುವ ರ‍್ಯಾಮ್ ಸರ್ವರ್‌ಗೆ, ದುಬಾರಿ ವರ್ಕ್‌ಸ್ಟೇಷನ್‌ಗೆ ಮೀಸಲಾಯಿತು.

ಅದೇ 1995ರ ಆಗಸ್ಟ್‌ನಲ್ಲಿ ವಿಂಡೋಸ್ 95 ಬಂತು. ಮುಂದೆ ಎಷ್ಟೋ ವರ್ಷ ಕಂಪ್ಯೂಟರ್ ನಿಂತರೆ ಜನ ಬೈದದ್ದು ವಿಂಡೋಸ್‌ಗೆ. ಅದರಲ್ಲಿ ಬಹಳಷ್ಟು ವಿಂಡೋಸ್‌ಗೆ ಸಲ್ಲಬೇಕಾದದ್ದೇ. ಆದರೆ ಕೆಟ್ಟ ರ‍್ಯಾಮ್‌ನ ಪಾಪವೂ ಅದರ ತಲೆಗೇ ಬಂತು ಅಂತ ನನಗೆ ಅನ್ನಿಸುತ್ತದೆ, ಯಾಕೆಂದರೆ ರ‍್ಯಾಮ್ ಬಾಯಿ ಬಿಡುವ ದಾರಿಯನ್ನೇ ಮುಚ್ಚಿಯಾಗಿತ್ತು. ತಪ್ಪು ಬಿಟ್ ಯಾವ ಪ್ರೋಗ್ರಾಂ ಕೈಗೆ ಸಿಗುತ್ತದೋ ಅದು ಬೀಳುತ್ತದೆ, ಪರದೆಯ ಮೇಲೆ ಬಿದ್ದವನ ಹೆಸರು ಬರುತ್ತದೆ, ತಳ್ಳಿದವನದ್ದಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ದಿನಕ್ಕೊಂದು ಹೆಸರು ಬರುತ್ತಿದ್ದದ್ದು ಹೀಗೆ.

ಒಂದು ಬಿಟ್ ತಿರುಗಿದರೆ ಏನಾಗುತ್ತದೆ ಅನ್ನುವುದಕ್ಕೆ ಬೆಲ್ಜಿಯಂ ದೇಶದ ಉದಾಹರಣೆ ಹೇಳುತ್ತಾರೆ. 2003ರ ಮೇ ತಿಂಗಳ ಚುನಾವಣೆಯಲ್ಲಿ ಸ್ಕಾರ್‌ಬೇಕ್ ಅನ್ನುವಲ್ಲಿ ಒಬ್ಬ ಅಭ್ಯರ್ಥಿಗೆ ಮತಯಂತ್ರದಲ್ಲಿ 4,096 ಮತ ಹೆಚ್ಚಿಗೆ ಬಂದಿತ್ತು. ಇರುವುದಕ್ಕೆ ಸಾಧ್ಯವೇ ಇಲ್ಲದಷ್ಟು ಮತ ಬಂದದ್ದರಿಂದ ಸಿಕ್ಕಿಬಿತ್ತು. ಎರಡನ್ನು ಹನ್ನೆರಡು ಸಲ ಗುಣಿಸಿದರೆ 4,096. ಅಂದರೆ ಸರಿಯಾಗಿ ಒಂದು ಬಿಟ್‌ನ ತೂಕ. ಕಾಸ್ಮಿಕ್ ಕಿರಣವೇ ಕಾರಣ ಅಂತ ಸಾಬೀತು ಮಾಡಲು ಆಗದಿದ್ದರೂ ಒಂದು ಬಿಟ್ ತಾನೇ ತಿರುಗಿದೆ ಅನ್ನುವುದು ಒಪ್ಪಿತವಾದ ವಿವರಣೆ.

ಕಾವಲುಗಾರ ಹೋದ ಮೇಲೆ ಬಳಸುವವರೇ ದಾರಿ ಹುಡುಕಿಕೊಂಡರು. ಕ್ರಿಸ್ ಬ್ರೇಡಿ ಅನ್ನುವವರು 1994ರಲ್ಲಿ ಮೆಮ್‌ಟೆಸ್ಟ್86 ಅನ್ನುವ ಪುಟ್ಟ ಪ್ರೋಗ್ರಾಂ ಬರೆದು ಹಂಚಿದರು. ಕಂಪ್ಯೂಟರ್ ಶುರುವಾಗುವಾಗಲೇ, ವಿಂಡೋಸ್ ಏಳುವ ಮೊದಲೇ ಅದು ಏಳುತ್ತದೆ. ಪ್ರತಿ ಗುಳಿಗೂ ಬೀಜ ಹಾಕುತ್ತದೆ, ಮತ್ತೆ ಬಂದು ಎಣಿಸುತ್ತದೆ. ಬೀಜಗಳ ಜೋಡಣೆ ಬದಲಿಸಿ ಮತ್ತೆ ಹಾಕುತ್ತದೆ, ಮತ್ತೆ ಎಣಿಸುತ್ತದೆ. ತಪ್ಪಿದರೆ ಗುರುತು ಹಾಕುತ್ತದೆ. ಅಷ್ಟೇ ಕೆಲಸ, ಗಂಟೆಗಟ್ಟಲೆ. ಇದರದೇ ಕವಲು ಮೆಮ್‌ಟೆಸ್ಟ್86 ಪ್ಲಸ್ ಇವತ್ತಿಗೂ ಉಚಿತ. 2007ರಲ್ಲಿ ಬಂದ ವಿಂಡೋಸ್ ವಿಸ್ತಾದಿಂದ ಈಚೆಗೆ ವಿಂಡೋಸ್ ಒಳಗೇ ಮೆಮೊರಿ ಪರೀಕ್ಷೆಯ ಪ್ರೋಗ್ರಾಂ ಒಂದು ಇದೆ. ನಿಮ್ಮ ಮಷಿನ್‌ನಲ್ಲೂ ಇದೆ, ಸ್ಟಾರ್ಟ್ ಮೆನುವಿನಲ್ಲಿ ‘ಮೆಮೊರಿ’ ಅಂತ ಹುಡುಕಿದರೆ ಸಿಗುತ್ತದೆ. ನನ್ನದರಲ್ಲಿ ಅದು ಮೂರು ವಾರ ನನಗಾಗಿ ಕಾಯುತ್ತಾ ಕೂತಿತ್ತು.

ಆಕಾಶದ ಕಣದ ಕಥೆ ಎಷ್ಟು ಚೆನ್ನಾಗಿತ್ತು ಅಂದರೆ ಬಹಳ ಕಾಲ ಎಂಜಿನಿಯರ್‌ಗಳು ರ‍್ಯಾಮ್ ತಪ್ಪು ಅಂದರೆ ಆಗೊಮ್ಮೆ ಈಗೊಮ್ಮೆ ಬಂದು ಹೋಗುವಂಥದ್ದು ಅಂದುಕೊಂಡಿದ್ದರು. 2009ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್‌ನ ಇಬ್ಬರು ಸೇರಿ ಗೂಗಲ್‌ನ ಸರ್ವರ್‌ಗಳ ಲೆಕ್ಕ ತೆಗೆದರು. ಆ ಸರ್ವರ್‌ಗಳಲ್ಲಿ ಕಾವಲು ಚಿಪ್ ಇದ್ದದ್ದರಿಂದಲೇ ಲೆಕ್ಕ ಸಿಕ್ಕಿತು ಅನ್ನುವುದನ್ನು ಮರೆಯಬೇಡಿ. ವರ್ಷದಲ್ಲಿ ಶೇ. 8ಕ್ಕೂ ಹೆಚ್ಚು ರ‍್ಯಾಮ್ ಮಾಡ್ಯೂಲ್‌ಗಳಲ್ಲಿ ತಪ್ಪು ಕಂಡಿತು. ಅದರಲ್ಲಿ ಹೆಚ್ಚಿನದ್ದು ಚಿಪ್ಪೇ ಕೆಟ್ಟು ಬಂದ ತಪ್ಪು, ಆಕಾಶದಿಂದ ಬಂದದ್ದಲ್ಲ. 2011ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕರು ಸುಮಾರು ಹತ್ತು ಲಕ್ಷ ಮನೆ ಕಂಪ್ಯೂಟರ್‌ಗಳ ಕ್ರ್ಯಾಶ್ ವರದಿ ನೋಡಿದರು. ಒಮ್ಮೆ ರ‍್ಯಾಮ್ ತಪ್ಪಿನಿಂದ ಬಿದ್ದ ಮಷಿನ್ ಮತ್ತೆ ಬೀಳುವ ಸಾಧ್ಯತೆ ಎಷ್ಟೋ ಪಟ್ಟು ಹೆಚ್ಚು, ಬಿದ್ದರೆ ಬಹುಪಾಲು ಮೆಮೊರಿಯ ಅದೇ ಜಾಗದಲ್ಲಿ. ನಮ್ಮಂಥವರಿಗೆ ಇದರ ಅರ್ಥ ಇಷ್ಟು: ಎರಡು ಸಲ ಬಿದ್ದರೆ ಮೂರನೆಯದಕ್ಕೆ ಕಾಯಬೇಡಿ.

ದೊಡ್ಡವರೂ ಇದರಿಂದ ಪಾರಾಗಿಲ್ಲ. ಲಿನಕ್ಸ್ ಸೃಷ್ಟಿಸಿದ ಲೀನಸ್ ಟೊರ್ವಾಲ್ಡ್ಸ್ 2021ರಲ್ಲಿ, ಕಾವಲು ಇರುವ ರ‍್ಯಾಮ್ ಸಾಮಾನ್ಯರಿಗೆ ಸಿಗದ ಹಾಗೆ ಆದದ್ದಕ್ಕೆ ಇಂಟೆಲ್ ಕಂಪನಿಯೇ ಕಾರಣ ಅಂತ ಕಟುವಾಗಿ ಬರೆದರು. ಮರುವರ್ಷ ಅವರ ಸ್ವಂತ ಕಂಪ್ಯೂಟರ್ ಕೈಕೊಟ್ಟಿತು. ಕಾವಲು ಇಲ್ಲದ ರ‍್ಯಾಮ್ ಹಾಕಿದ್ದ ಮಷಿನ್ ಅದು. ಮೊದಲು ಅವರೂ ಪ್ರೋಗ್ರಾಂನಲ್ಲೇ ತಪ್ಪು ಹುಡುಕಿದರು. ಆಮೇಲೆ ನೋಡಿದರೆ ರ‍್ಯಾಮ್. ಹೊಸದು ಬರುವವರೆಗೆ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಬೇಕಾಯಿತು. ಇದನ್ನು ಓದಿದ ಮೇಲೆ ನಮ್ಮ ತಾಲ್ಲೂಕಿನ ಅಂಗಡಿಯವರ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು.

ಕೊನೆಗೆ ನನ್ನದರಲ್ಲಿ ಏನಾಗಿತ್ತು ಅನ್ನುವುದಕ್ಕೂ ಒಂದು ಚಿಕ್ಕ ಇತಿಹಾಸ ಇದೆ. ಬೇರೆ ಬೇರೆ ತಲೆಮಾರಿನ ಲ್ಯಾಪ್‌ಟಾಪ್ ರ‍್ಯಾಮ್ ಬೆರೆಯದಿರಲಿ ಅಂತ ಅಂಚಿನ ಕಚ್ಚನ್ನು ಬೇರೆ ಬೇರೆ ಜಾಗದಲ್ಲಿ ಇಡುತ್ತಾರೆ. ಡಿಡಿಆರ್3ಗೆ 204 ಪಿನ್, ಡಿಡಿಆರ್4ಗೆ 260. ಒಂದು ಇನ್ನೊಂದರ ಸ್ಲಾಟ್‌ಗೆ ಕೂರುವುದೇ ಇಲ್ಲ. ಆದರೆ 2010ರಲ್ಲಿ ಡಿಡಿಆರ್3ಯಲ್ಲೇ ಕಡಿಮೆ ವೋಲ್ಟೇಜಿನ ಬಗೆ ಬಂತು, ಹೆಸರು ಡಿಡಿಆರ್3ಎಲ್. ಹಳೆಯದಕ್ಕೆ 1.5 ವೋಲ್ಟ್, ಇದಕ್ಕೆ 1.35. ಪಿನ್ ಒಂದೇ, ಕಚ್ಚೂ ಒಂದೇ. ನನ್ನ ಲ್ಯಾಪ್‌ಟಾಪ್ 1.35 ಮಾತ್ರ ಕೊಡುವ ಜಾತಿಯದ್ದು. ಹಾಕಿದ ಸ್ಟಿಕ್ಕಿನ ಚೀಟಿಯ ಮೇಲೆ ‘ಪಿಸಿ3’ ಅಂತ ಇತ್ತು, ‘ಪಿಸಿ3ಎಲ್’ ಅಂತ ಇರಬೇಕಿತ್ತು. ಒಂದು ಅಕ್ಷರ. ಅರೆಹೊಟ್ಟೆಯಲ್ಲಿ ದುಡಿಯುವ ಆಳಿನ ಹಾಗೆ ಅದು ತಂಪು ಹೊತ್ತಿನಲ್ಲಿ ಹೇಗೋ ನಡೆಸಿ, ಬಿಸಿಲೇರಿದ ಮೇಲೆ ಕುಸಿಯುತ್ತಿತ್ತು.

ಇದೊಂದೇ ಕಾರಣ ಅಂತಲ್ಲ. ಪ್ರತಿ ಸ್ಟಿಕ್ಕಿನ ಮೇಲೂ ತನ್ನ ವೇಗ, ಲಯ ಬರೆದಿಟ್ಟುಕೊಂಡ ಒಂದು ಪುಟ್ಟ ಚಿಪ್ ಇರುತ್ತದೆ. ಮಷಿನ್ ಅದನ್ನು ಓದಿ ಎರಡು ಸ್ಟಿಕ್‌ಗೂ ಹೊಂದುವ ನಿಧಾನದ ವೇಗಕ್ಕೆ ಇಳಿಸುತ್ತದೆ. ಹಾಗಿದ್ದೂ ಒಂಟಿಯಾಗಿ ಸರಿಯಿರುವ ಎರಡು ಸ್ಟಿಕ್ ಜೊತೆಯಾದಾಗ ಜಗಳ ಮಾಡುವುದುಂಟು. ಅದಕ್ಕೇ ಪರೀಕ್ಷೆ ಮಾಡುವಾಗ ಒಂದೊಂದನ್ನೇ ಹಾಕಿ ನೋಡಬೇಕು, ಸ್ಲಾಟ್ ಬದಲಿಸಿ ನೋಡಬೇಕು, ಆಮೇಲೆ ಎರಡನ್ನೂ ಸೇರಿಸಿ ನೋಡಬೇಕು. ಎಲ್ಲ ಮುಗಿಯುವವರೆಗೆ ಮುಖ್ಯವಾದ ಫೈಲ್ ಯಾವುದನ್ನೂ ಆ ಮಷಿನ್‌ನಲ್ಲಿ ಕಾಪಿ ಮಾಡಬಾರದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಅವಕಾಶವೂ ಕಡಿಮೆಯಾಗುತ್ತಿದೆ. ಎಷ್ಟೋ ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಡಿಡಿಆರ್5 ಬಂದ ಮೇಲೆ ಚಿಪ್ ಒಳಗೇ ಸಣ್ಣ ತಪ್ಪು ತಿದ್ದಿಕೊಳ್ಳುವ ಏರ್ಪಾಟು ಬಂದಿದೆ. ಆದರೆ ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಕಾವಲು ಇಲ್ಲ, ತಿದ್ದಿದ್ದನ್ನು ನಮಗೆ ಹೇಳುವುದೂ ಇಲ್ಲ.

ನಾನು ಪೆನ್‌ಡ್ರೈವ್‌ನಲ್ಲಿ ಮೆಮ್‌ಟೆಸ್ಟ್ ಹಾಕಿಕೊಂಡು ರಾತ್ರಿ ಊಟ ಆದ ಮೇಲೆ ಆ ಸ್ಟಿಕ್ ಒಂದನ್ನೇ ಹಾಕಿ ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಪರದೆ ತುಂಬಾ ಕೆಂಪು ಸಾಲುಗಳು. ಅದರ ಫೋಟೋ ತೆಗೆದು ಅಂಗಡಿಯವರಿಗೆ ತೋರಿಸಿದೆ. ವಾದ ಮಾಡಲಿಲ್ಲ, ಸ್ಟಿಕ್ ಬದಲಿಸಿ ಕೊಟ್ಟರು. ಈ ಸಲ ಚೀಟಿಯ ಮೇಲಿನ ‘ಎಲ್’ ನೋಡಿಯೇ ತಗೊಂಡೆ. ಮತ್ತೆ ಒಂದು ರಾತ್ರಿ ಪರೀಕ್ಷೆಗೆ ಇಟ್ಟೆ, ಒಂದೂ ಕೆಂಪು ಗೆರೆ ಇಲ್ಲ. ಅವತ್ತಿನಿಂದ ಲ್ಯಾಪ್‌ಟಾಪ್ ಬಿದ್ದಿಲ್ಲ.

ಹೋದ ಭಾನುವಾರ ನೀರುಗಂಟಿ ತಾತನ ಮನೆಗೆ ಮತ್ತೆ ಹೋದೆ. ಜಗಲಿ ಮೇಲೆ ಕೂತಿದ್ದರು.

‘ಅವತ್ತೇ ಎಲ್ಲಾ ಹೇಳಿದ್ನಲ್ಲಪ್ಪ, ಮತ್ಯಾಕೆ ಬಂದೆ?’ ಅಂದರು.

‘ಕಂಪ್ಯೂಟ್ರು ಮರೆತುಬಿಡ್ತು ತಾತ’ ಅಂದೆ.

ನಕ್ಕರು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಶುರು ಮಾಡಿದರು. ಈ ಸಲ ತೂಬಿನ ಮಾತು ಒಂದು ಗಂಟೆಗೇ ಮುಗಿಯಿತು. ಬರದ ವರ್ಷದ ಪಾಲಿನ ಲೆಕ್ಕ ಕೇಳಿದರೆ, ಅದೆಲ್ಲ ಈಗ ನೆನಪಿಲ್ಲ ಅಂದರು.